ಬೆಂಗಳೂರು ಹಲ್ಲು, ತಿಪಟೂರು ಕೂಲಿ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಹಲ್ಲು ಕಟ್ಟುವ ಕೆಲಸ ನನಗೆ ಗೊತ್ತಿಲ್ಲ. ಅವಮಾನ ಆದದ್ದೂ ನನಗಲ್ಲ. ನನಗಿಂತ ಚೆನ್ನಾಗಿ ಹೇಳಬಲ್ಲವರು ಇದ್ದಾರೆ. ಆದರೆ ಅವರು ಹೇಳಲಿಲ್ಲ. ತಿಪಟೂರಿನ ಹೋಟೆಲುಗಳಲ್ಲಿ ಮಾತ್ರ ಇದನ್ನು ತಮಾಷೆಯ ಸಂಗತಿಯಾಗಿ ಹೇಳಿಕೊಂಡು ನಗುತ್ತಾರೆ. ಆ ನಗು ಕೇಳಿಸಿಕೊಂಡು ಸುಮ್ಮನಿರಲು ಆಗಲಿಲ್ಲ. ಎಲ್ಲಾದರೂ ಹೆಚ್ಚುಕಮ್ಮಿ ಆಗಿದ್ದರೆ ಆ ತಪ್ಪು ನನ್ನದು, ದುರ್ಗಯ್ಯನದಲ್ಲ.

ದುರ್ಗಯ್ಯ ತಿಪಟೂರಿನ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದ. ಎಪ್ಪತ್ತೊಂಬತ್ತು, ಎಂಬತ್ತರ ಮಾತು. ಡಾಕ್ಟರ ಶಾಪು ರಸ್ತೆಗೆ ಮುಖ ಮಾಡಿತ್ತು. ಬಣ್ಣದ ಬೋರ್ಡು, ತಿರುಗುವ ಕುರ್ಚಿ, ಗಾಜಿನ ಬೀರು. ದುರ್ಗಯ್ಯನ ಜಾಗ ಅದರ ಹಿಂದೆ, ಕಕ್ಕಸಿನ ಗೋಡೆಗೆ ಆನಿಸಿ ಹಾಕಿದ್ದ ತಗಡಿನ ರೂಮು. ಅಲ್ಲಿಗೆ ಬರಲು ಹಿಂದಿನ ಸಂದಿಯಿಂದಲೇ ದಾರಿ. ಶಾಪಿಗೂ ರೂಮಿಗೂ ನಡುವೆ ಒಂದು ಕಿಂಡಿ, ಅದಕ್ಕೊಂದು ಮರದ ಬಾಗಿಲು. ಡಾಕ್ಟರು ಬಾಯಿಯ ಅಚ್ಚು ತೆಗೆದು, ಬಟ್ಟೆ ಮುಚ್ಚಿ ಆ ಕಿಂಡಿಯಲ್ಲಿ ಇಡುತ್ತಿದ್ದರು. ದುರ್ಗಯ್ಯ ಎತ್ತಿಕೊಳ್ಳುತ್ತಿದ್ದ. ಊರಿನ ದೊಡ್ಡವರ ಬಾಯಿಗಳೆಲ್ಲ ಅವನ ಕೈಗೆ ಬಂದಿದ್ದವು. ಅವರ ಮುಖ ಮಾತ್ರ ಅವನು ನೋಡಿರಲಿಲ್ಲ.

ಕೆಲಸ ಸುಲಭದ್ದಲ್ಲ. ಅಚ್ಚಿಗೆ ಪ್ಲಾಸ್ಟರ್ ಕಲಸಿ ಹುಯ್ಯಬೇಕು. ಮೇಣದ ಒಸಡು ಕಟ್ಟಿ ಅದರ ಮೇಲೆ ಹಲ್ಲು ಕೂರಿಸಬೇಕು. ಹಿತ್ತಾಳೆ ಪೆಟ್ಟಿಗೆಯಲ್ಲಿ ಹೂತು, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಒಸಡಿನ ಗುಲಾಬಿ ಬಣ್ಣದ ಪುಡಿ ಕಲಸಿ ತುಂಬಿ, ಪೆಟ್ಟಿಗೆಯನ್ನು ಬಿಗಿದು ಕುದಿಯುವ ನೀರಿಗೆ ಇಳಿಸಬೇಕು. ಸೀಮೆಎಣ್ಣೆ ಸಿಗದ ವಾರ ಕರಟದ ಒಲೆ. ಬೇಸಿಗೆಯಲ್ಲಿ ತಗಡಿನ ಕೆಳಗೆ ಆ ಒಲೆಯ ಮುಂದೆ ಕೂತರೆ ಬೆನ್ನು ಮೇಲಿಂದ ಬೇಯುತ್ತಿತ್ತು, ಮುಖ ಎದುರಿನಿಂದ ಬೇಯುತ್ತಿತ್ತು. ಗುಲಾಬಿ ಪುಡಿಗೆ ಹಾಕುವ ದ್ರಾವಣದ ಘಾಟು ತಲೆಗೇರಿ ಸಂಜೆ ಅನ್ನ ಸೇರುತ್ತಿರಲಿಲ್ಲ. ಪ್ಲಾಸ್ಟರ್ ಧೂಳು ಎದೆಗಿಳಿದು ಕೆಮ್ಮು. ಉಗುಳಿದರೆ ಬೆಳ್ಳಗೆ. ಹಳೆಯ ಹೊಲಿಗೆ ಮೆಷಿನ್ನಿನ ಕಾಲ್ಮಣೆಗೆ ಕಲ್ಲಿನ ಚಕ್ರ ಕಟ್ಟಿದ್ದರು. ಕಾಲಲ್ಲಿ ತುಳಿಯುತ್ತ, ಕೈಯಲ್ಲಿ ಹಲ್ಲಿನ ಸೆಟ್ಟು ಹಿಡಿದು ಉಜ್ಜಬೇಕು. ಹೆಬ್ಬೆಟ್ಟಿನ ಉಗುರು ಅರ್ಧಕ್ಕೆ ಸವೆದಿತ್ತು. ಚರ್ಮ ಬಿರಿದು ಅದರೊಳಗೆ ಮರಳು ಕೂತು ಉರಿಯುತ್ತಿತ್ತು.

ಇಷ್ಟಕ್ಕೆ ತಿಂಗಳಿಗೆ ನೂರಮೂವತ್ತು ರೂಪಾಯಿ.

ಡಾಕ್ಟರು ಕೆಟ್ಟವರಲ್ಲ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬಾಟಲಿ ತೊಳೆಯಲು ಬಂದ ದುರ್ಗಯ್ಯನಿಗೆ ಕೆಲಸ ಕಲಿಸಿದವರು ಅವರೇ. ಕೈಹಿಡಿದು ಕಲಿಸಿದರು, ಬೈದು ಕಲಿಸಿದರು. ಅವರು ಅಚ್ಚು ತೆಗೆದರೆ ಅದರಲ್ಲಿ ಒಂದು ಕೂದಲೆಳೆ ತಪ್ಪಿರುತ್ತಿರಲಿಲ್ಲ. ಆದರೆ ಅವರ ಶಾಪಿನಲ್ಲಿ ಒಂದು ಪದ್ಧತಿ ಇತ್ತು. ಸೆಟ್ಟು ತಯಾರಾದ ಮೇಲೂ ಗಿರಾಕಿಗೆ ಕೊಡುತ್ತಿರಲಿಲ್ಲ. ತಗಡಿನ ರೂಮಿನಲ್ಲೇ ಒಂದು ಡಬ್ಬಿಯ ನೀರಲ್ಲಿ ನೆನೆಯುತ್ತಿತ್ತು. ಗಿರಾಕಿ ಬಂದು ಕೇಳಿದರೆ, ಬೆಂಗಳೂರಿನಿಂದ ಪಾರ್ಸೆಲ್ ಬರಬೇಕು, ರೈಲು ನೋಡ್ತಾ ಇದೀನಿ ಅನ್ನುತ್ತಿದ್ದರು. ಒಂದು ವಾರ ಕಳೆದ ಮೇಲೆ ಬೆಂಗಳೂರಿನ ಅಂಗಡಿಯ ಬಿಳಿ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ, ಸೆಟ್ಟು ಇಟ್ಟು, ದಾರ ಕಟ್ಟಿ, ಗಿರಾಕಿಯ ಎದುರಿಗೇ ದಾರ ಕತ್ತರಿಸುತ್ತಿದ್ದರು.

ಇದಕ್ಕೆ ಎರಡು ಕಾರಣ. ಬೆಂಗಳೂರಿನ ಹಲ್ಲಿಗೆ ಬೆಂಗಳೂರಿನ ರೇಟು ಕೇಳಬಹುದಿತ್ತು, ಒಂದು ಸೆಟ್ಟಿಗೆ ನಾನೂರೈವತ್ತು. ಇನ್ನೊಂದು ಕಾರಣವನ್ನು ಡಾಕ್ಟರು ಒಮ್ಮೆ ಮಾತ್ರ ಬಾಯಿಬಿಟ್ಟು ಹೇಳಿದ್ದರು, ತಲೆ ತಗ್ಗಿಸಿಕೊಂಡು. ನಿಮ್ಮ ಕೇರಿಯವನು ಮುಟ್ಟಿದ್ದು ಅಂತ ಗೊತ್ತಾದರೆ ಬಾಯಿಗೆ ಯಾರು ಇಟ್ಟುಕೊಳ್ತಾರೆ ದುರ್ಗಯ್ಯ, ಅಂದಿದ್ದರು.

ದುರ್ಗಯ್ಯ ತಲೆಯಾಡಿಸಿದ್ದ. ಅವತ್ತು ಅದು ಅವನಿಗೆ ದೊಡ್ಡದು ಅನಿಸಿರಲಿಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಇದ್ದ ಹಾಗೆ ಇದೂ ಒಂದು.

ಅವನ ನಿದ್ದೆ ಕೆಡಿಸಿದವನು ವಹಾಬ್. ವಹಾಬ್ ಹೊಲಿಗೆ ಮೆಷಿನ್ ರಿಪೇರಿಯವನು. ಬಿಡಿಭಾಗ ತರಲು ಬೆಂಗಳೂರಿಗೆ ಹೋದಾಗಲೆಲ್ಲ ಡಾಕ್ಟರಿಗೆ ಹಲ್ಲು, ಪುಡಿ, ಮೇಣ ತಂದುಕೊಡುತ್ತಿದ್ದ. ಆ ಅಂಗಡಿಗೆ ಅಲ್ಲಿನ ಹಲ್ಲು ಕಟ್ಟುವವರೂ ಬರುತ್ತಿದ್ದರು. ಒಂದು ದಿನ ಕಾಲ್ಮಣೆಗೆ ಎಣ್ಣೆ ಬಿಡುತ್ತ ವಹಾಬ್ ಅವರ ಸಂಬಳದ ಮಾತು ತೆಗೆದ. ಬೆಂಗಳೂರಿನಲ್ಲಿ ಇದೇ ಕೆಲಸಕ್ಕೆ ಮುನ್ನೂರೈವತ್ತರ ಮೇಲೆ ಕೊಡುತ್ತಾರಂತೆ. ಅಲ್ಲೂ ಎಲ್ಲ ಕಡೆ ಒಂದೇ ಇಲ್ಲ, ದಂಡಿನ ಕಡೆ ಒಂದು, ಪೇಟೆ ಕಡೆ ಒಂದು. ತುಮಕೂರಿನಲ್ಲಿ ಇನ್ನೂರು. ಹಾಸನದಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿ.

ದುರ್ಗಯ್ಯ ತುಳಿಯುತ್ತಿದ್ದ ಕಾಲು ನಿಲ್ಲಿಸಿದ.

"ನೋಡ್ಲಾ, ನೀ ಮಾಡಿದ ಹಲ್ಲು ರೈಲೇ ಹತ್ತದೆ ಬೆಂಗಳೂರು ನೋಡ್ಕಂಡು ಬತ್ತವೆ" ಅಂದ ವಹಾಬ್. "ನೀನು ಮಾತ್ರ ಕಕ್ಕಸಿನ ಗೋಡೆ ನೋಡ್ಕಂಡು ಕುಂತಿದೀಯ."

ದುರ್ಗಯ್ಯನಿಗೆ ನಗು ಬಂತು. ಆಮೇಲೆ ನಗು ನಿಂತಿತು. ಅವನ ಹೆಂಡತಿ ಓಬಮ್ಮ ಕಂದಿಕೆರೆಯ ತವರಿನಲ್ಲಿದ್ದಳು. ಹೆರಿಗೆಗೆ ಹೋದವಳು ವಾಪಸು ಬಂದಿರಲಿಲ್ಲ. ಊರಾಚೆಯ ಹಟ್ಟಿಯ ಗುಡಿಸಲಿಗೆ ಹಸುಗೂಸನ್ನು ಕಳಿಸುವುದಿಲ್ಲ, ಗಟ್ಟಿ ಸೂರಿನ ಕೆಳಗೆ ಸಂಸಾರ ಇಡು, ಆಮೇಲೆ ಮಾತು ಎಂದು ಮಾವ ಕಡ್ಡಿ ಮುರಿದಂತೆ ಹೇಳಿದ್ದ. ಪೇಟೆಯಲ್ಲಿ ಇವನಿಗೆ ಮನೆ ಕೊಡುವವರಿಲ್ಲ. ವಹಾಬನ ಚಿಕ್ಕಪ್ಪ ಗೌಸ್ ಪೀರ್ ಒಂದು ಹೆಂಚಿನ ರೂಮು ಕೊಡಲು ಒಪ್ಪಿದ್ದ. ಬಾಡಿಗೆ ನಲವತ್ತು. ನೂರಮೂವತ್ತರಲ್ಲಿ ನಲವತ್ತು ತೆಗೆದರೆ ಒಲೆ ಹತ್ತುವುದಿಲ್ಲ. ಅವನು ಮಗುವಿನ ಮುಖವನ್ನು ಒಂದೇ ಸಲ ನೋಡಿದ್ದ.

ಸಂಬಳ ಜಾಸ್ತಿ ಕೇಳಿದ. ಕಿಂಡಿಯಲ್ಲೇ ಕೇಳಿದ, ಒಳಗೆ ಹೋಗುವ ಹಾಗಿರಲಿಲ್ಲವಲ್ಲ. ಡಾಕ್ಟರು ಸಮಾಧಾನವಾಗಿಯೇ ವಿವರಿಸಿದರು. ಸಂಬಳ ಅನ್ನೋದು ಊರಿಗೆ ತಕ್ಕ ಹಾಗೆ. ಬೆಂಗಳೂರಿನಲ್ಲಿ ನೀರಿಗೂ ಕಾಸು. ಇಲ್ಲಿ ಖರ್ಚೇನಿದೆ. ತುರುವೇಕೆರೆಯಲ್ಲಾದರೆ ಇಷ್ಟೂ ಹುಟ್ಟುತ್ತಿರಲಿಲ್ಲ, ಚಿಕ್ಕನಾಯಕನಹಳ್ಳಿಯಲ್ಲಿ ಕೆಲಸವೇ ಸಿಗುತ್ತಿರಲಿಲ್ಲ. ಹಾಗಾದರೆ ಹಲ್ಲಿಗೆ ಯಾಕೆ ಬೆಂಗಳೂರಿನ ರೇಟು ಅನ್ನುವ ಮಾತು ದುರ್ಗಯ್ಯನ ಗಂಟಲ ತನಕ ಬಂತು. ನುಂಗಿಕೊಂಡ. ಯಾಕೆಂದರೆ ಅದೇ ವರ್ಷ ಡಾಕ್ಟರು ಅವನ ಅವ್ವ ಭೈರಮ್ಮನಿಗೆ ಪುಕ್ಕಟೆ ಹಲ್ಲು ಕಟ್ಟಿಸಿಕೊಟ್ಟಿದ್ದರು. ಮುಂದಿನ ತಿರುಗುವ ಕುರ್ಚಿಯಲ್ಲಿ ಕೂರಿಸಿರಲಿಲ್ಲ ನಿಜ. ತಗಡಿನ ರೂಮಿಗೆ ತಾವೇ ಬಂದು, ಅವಳನ್ನು ಸೀಮೆಎಣ್ಣೆ ಡಬ್ಬದ ಮೇಲೆ ಕೂರಿಸಿ ಅಚ್ಚು ತೆಗೆದಿದ್ದರು. ಆದರೂ ತೆಗೆದರಲ್ಲ ಅಂತ ಅವನ ಲೆಕ್ಕ.

ಭೈರಮ್ಮ ಶ್ರೀರಂಗಯ್ಯನ ಕೊಬ್ಬರಿ ಮಂಡಿಯಲ್ಲಿ ಕೂಲಿ. ಉಂಡೆ ಕೊಬ್ಬರಿ ಆರಿಸುವುದು, ಒಡಕು ಬೇರೆ ಮಾಡುವುದು, ಚೀಲ ತುಂಬುವುದು. ಶ್ರೀರಂಗಯ್ಯ ಪೇಟೆಯಲ್ಲಿ ಹೆಸರಿದ್ದವನು. ಕೊಬ್ಬರಿಯ ಗುಣ ನೋಡಲು ಒಂದು ಚೂರು ಕಡಿದು ರೇಟು ಹೇಳುವುದು ಅವನ ವಾಡಿಕೆ. ಹಲ್ಲು ಹೋದ ಮೇಲೆ ಅದು ನಿಂತಿತ್ತು. ಕೊಬ್ಬರಿಗೆ ರೇಟು ಕಟ್ಟುವ ಟೆಂಡರ್ ದಿನ ಬೇರೆ ಮಂಡಿಯವರು ಬೇಕಂತಲೇ ಅವನ ಎದುರಿಗೆ ಕಟುಂ ಅಂತ ಕಡಿಯುತ್ತಿದ್ದರು. ಅದಕ್ಕೇ ಅವನು ಡಾಕ್ಟರ ಹತ್ತಿರ ಬಂದ. ತನ್ನ ಮೊದಲಿನ ಹಲ್ಲಿನಂತೆಯೇ ಮುಂದಿನದೊಂದು ಚೂರು ವಾರೆಯಾಗಿ ಇರಬೇಕು ಎಂದ. ಆ ವಾರೆ ಹಲ್ಲನ್ನು ಕೂರಿಸಲು ದುರ್ಗಯ್ಯ ಬಹಳ ಒದ್ದಾಡಿದ. ಅವ್ವನ ದಣಿಯಲ್ಲವೇ ಅಂತ ಒಂದು ಮಾತು ಮನೆಯಲ್ಲಿ ಹೇಳಿದ. ಅದೊಂದೇ ಅವನು ಮಾಡಿದ ತಪ್ಪು.

ಟೆಂಡರ್ ದಿನ ಮಂಡಿಯ ಅಂಗಳದಲ್ಲಿ ನಡೆದದ್ದನ್ನು ದುರ್ಗಯ್ಯ ಕಣ್ಣಾರೆ ಕಂಡಿಲ್ಲ. ಅವ್ವನ ಜೊತೆ ಕೂತು ಕೊಬ್ಬರಿ ಆರಿಸುತ್ತಿದ್ದ ಪುಟ್ಟಗಂಗಮ್ಮ ಸಂಜೆ ಹಟ್ಟಿಗೆ ಬಂದು ಹೇಳಿದಳು. ಶ್ರೀರಂಗಯ್ಯ ಒಂದು ಉಂಡೆ ಒಡೆದು, ಚೂರನ್ನು ಬಾಯಿಗೆ ಹಾಕಿ ಎಲ್ಲರಿಗೂ ಕೇಳಿಸುವ ಹಾಗೆ ಕಡಿದನಂತೆ. ಬೆಂಗಳೂರು ಹಲ್ಲು ಕಣ್ರೋ, ನೋಡ್ಕಳಿ ಎಂದನಂತೆ. ವ್ಯಾಪಾರಿಗಳು ನಕ್ಕರು. ಆಳುಗಳು ನಕ್ಕರು. ಕೊಬ್ಬರಿ ರಾಶಿಯ ಹಿಂದೆ ಕೂತಿದ್ದ ಭೈರಮ್ಮನಿಗೂ ಸಂತೋಷ ಉಕ್ಕಿತು. ಅವಳಿಗೆ ಬಚ್ಚಿಡುವ ಕಾರಣ ಹೊಳೆಯಲೇ ಇಲ್ಲ. ದಣಿ ಮೆಚ್ಚಿದ ಮೇಲೆ ಹೇಳಬೇಕು ಅಂದುಕೊಂಡಳು.

"ಬೆಂಗಳೂರಲ್ಲ ಬುದ್ದಿ, ಅದು ನನ್ನ ಮಗನೇ ಮಾಡಿದ್ದು" ಅಂದಳಂತೆ. "ಆ ವಾರೆ ಹಲ್ಲು ಕೂರ್ಸೋಕೆ ಊಟ ಬುಟ್ಟು ಕುಂತಿದ್ದ. ಇಕಾ ನೋಡಿ, ನಂದೂ ಅವನೇ ಮಾಡಿರಾದು."

ಹಾಗೆಂದು ಬಾಯಿ ತೆರೆದು ತೋರಿಸಿದಳಂತೆ.

ಯಾರೋ ಕಿಸಕ್ಕೆಂದರು. ಶ್ರೀರಂಗಯ್ಯ ಬಾಯಲ್ಲಿದ್ದ ಕೊಬ್ಬರಿಯನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅವನ ಲೆಕ್ಕ ಬರೆಯುವ ರೈಟರ್ ಸಣ್ಣತಿಮ್ಮಯ್ಯ ಮುಂದೆ ಬಂದ. ತೆಗಿಯೇ ಅದನ್ನ ಎಂದ. ಭೈರಮ್ಮನಿಗೆ ಅರ್ಥವಾಗಲಿಲ್ಲ. ಹಲ್ಲು ತೆಗಿಯೇ ಎಂದು ಗದರಿದ. ಅಷ್ಟು ಗಂಡಸರ ಎದುರಿಗೆ ಅವಳು ಬಾಯಿಗೆ ಕೈ ಹಾಕಿ ಸೆಟ್ಟು ಈಚೆ ತೆಗೆದಳು. ಎಂಜಲು ನೂಲಿನ ಹಾಗೆ ಸೆರಗಿನ ತನಕ ಇಳಿಯಿತು. ಅವನು ಕೈಯಲ್ಲಿ ಮುಟ್ಟಲಿಲ್ಲ. ಚೀಲದ ಮೇಲೆ ಇಡು ಎಂದ. ಶ್ರೀರಂಗಯ್ಯ ಅತ್ತ ತಿರುಗಿ ತನ್ನದನ್ನೂ ತೆಗೆದು ಅವಳದರ ಪಕ್ಕಕ್ಕೆ ಹಿಡಿದು ನೋಡಿದ. ಅದೇ ಗುಲಾಬಿ. ಅದೇ ಹೊಳಪು. ಆಗ ಸಣ್ಣತಿಮ್ಮಯ್ಯ ಚೀಲವನ್ನು ಕೊಡವಿದ. ಭೈರಮ್ಮನ ಹಲ್ಲು ಕಲ್ಲು ಚಪ್ಪಡಿಯ ಮೇಲೆ ಬಿದ್ದು ಎರಡು ಹೋಳಾಯಿತು. ನಾಳೆಯಿಂದ ಬರಬೇಡ ಎಂದು ಅವಳನ್ನು ಅಲ್ಲಿಂದಲೇ ಕಳಿಸಿದರು. ಆ ದಿನದ ಕೂಲಿಯನ್ನೂ ಕೊಡಲಿಲ್ಲ.

ದುರ್ಗಯ್ಯ ಗುಡಿಸಲಿಗೆ ಬಂದಾಗ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಕೆನ್ನೆ ಒಳಕ್ಕೆ ಸೇದಿಕೊಂಡಿತ್ತು. ಪುಟ್ಟಗಂಗಮ್ಮ ಎಲ್ಲ ಹೇಳಿ ಮುಗಿಸಿದ ಮೇಲೆ ಅವ್ವ ಒಂದೇ ಮಾತು ಅಂದಳು. ಹಲ್ಲಿಲ್ಲದ ಬಾಯಲ್ಲಿ ಅದೂ ಸರಿಯಾಗಿ ಹೊರಡಲಿಲ್ಲ.

"ನಾನು ಸುಳ್ಳು ಹೇಳಿದ್ನೇನ್ಲಾ ಮಗ?"



ಮಾರನೇ ಬೆಳಿಗ್ಗೆ ಅವನು ಒಲೆ ಹಚ್ಚಿ ಪೆಟ್ಟಿಗೆಯೊಂದನ್ನು ಕುದಿಯಲು ಇಟ್ಟಿದ್ದ. ಡಾಕ್ಟರು ಹಿಂದಿನ ರೂಮಿಗೆ ಬಂದರು. ರಾತ್ರಿಯೆಲ್ಲ ನಿದ್ದೆ ಮಾಡಿದವರಂತೆ ಕಾಣಲಿಲ್ಲ. ಶ್ರೀರಂಗಯ್ಯ ಮುಂದೆ ಬಂದು ಕೂತಿದ್ದಾನೆ ಎಂದರು. ಪೇಟೆಗೆಲ್ಲ ಸುದ್ದಿ ಹಬ್ಬಿದೆ, ಹಲ್ಲು ಕಟ್ಟಿಸಿಕೊಂಡವರೆಲ್ಲ ಬಾಗಿಲಿಗೆ ಬರುತ್ತಾರೆ, ನಾನು ಈ ಊರು ಬಿಡಬೇಕಾಗುತ್ತದೆ ಎಂದರು. ಆಮೇಲೆ ದನಿ ಇಳಿಸಿದರು. ಒಳಗೆ ಬಂದು ಒಂದು ಮಾತು ಹೇಳಿದರೆ ಸಾಕು. ನಾನು ಕಸ ಗುಡಿಸೋನು, ಪ್ಲಾಸ್ಟರ್ ತೊಳೆಯೋನು, ಹಲ್ಲು ಬರೋದು ಬೆಂಗಳೂರಿನಿಂದ, ನಮ್ಮವ್ವ ತಿಳೀದೆ ಅಂದುಬಿಟ್ಟಳು ಅನ್ನು. ಅಷ್ಟೇ.

ದುರ್ಗಯ್ಯ ಒಲೆಯನ್ನೇ ನೋಡುತ್ತಿದ್ದ.

"ಈ ತಿಂಗಳಿನಿಂದ ಬೆಂಗಳೂರಿನ ಸಂಬಳ ಕೊಡ್ತೀನಿ" ಅಂದರು ಡಾಕ್ಟರು. "ಮುನ್ನೂರೈವತ್ತು. ಹೆಂಡ್ತಿ ಮಗೂನ ಕರ್ಕೊಂಡು ಬಾರಯ್ಯ. ನಾನು ನಿನಗೆ ಕೆಟ್ಟದ್ದು ಮಾಡಿದ್ದೀನಾ?"

ಮಾಡಿರಲಿಲ್ಲ. ಅದೇ ಅವನಿಗೆ ಕಷ್ಟವಾಗಿದ್ದು. ಗೌಸ್ ಪೀರನ ಹೆಂಚಿನ ರೂಮು ಕಣ್ಣೆದುರು ಬಂತು. ಓಬಮ್ಮ ಹೊಸ್ತಿಲಲ್ಲಿ ನಿಂತ ಹಾಗೆ ಕಂಡಳು. ಒಂದು ಸುಳ್ಳು. ಡಾಕ್ಟರು ದಿನಾ ಹೇಳುವ ಸುಳ್ಳೇ. ಇವನೂ ಮೌನವಾಗಿ ಇಷ್ಟು ವರ್ಷ ಹೇಳಿಕೊಂಡು ಬಂದದ್ದೇ. ಹೇಳಿಬಿಡೋಣ ಎಂದೇ ಅವನು ಎದ್ದದ್ದು. ಇದನ್ನು ಅವನೇ ಆಮೇಲೆ ವಹಾಬನಿಗೆ ಹೇಳಿದ್ದಾನೆ. ಹೇಳಿಬಿಡೋಣ ಎಂದೇ ಕೈ ಒರೆಸಿಕೊಂಡು, ಸಂದಿ ಬಳಸಿ ಬಂದು ಶಾಪಿನ ಒಳಗೆ ಕಾಲಿಟ್ಟ.

ಗಿರಾಕಿಗಳು ಕೂರುವ ಹೊತ್ತಿನಲ್ಲಿ ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಶ್ರೀರಂಗಯ್ಯ ತಿರುಗುವ ಕುರ್ಚಿಯಲ್ಲಿ ಟವೆಲಿನಿಂದ ಬಾಯಿ ಮುಚ್ಚಿಕೊಂಡಿದ್ದ. ಪಕ್ಕದಲ್ಲಿ ಸಣ್ಣತಿಮ್ಮಯ್ಯ. ಬೆಂಚಿನ ಮೇಲೆ ಹೊನ್ನವಳ್ಳಿ ಕಡೆಯ ಇಬ್ಬರು ಗಿರಾಕಿಗಳು, ಕೇಳಿಸಿಕೊಳ್ಳಲಿ ಎಂದೇ ಕೂರಿಸಿದ ಹಾಗಿತ್ತು. ಬಿಳಿ ಪೆಟ್ಟಿಗೆ ಮೇಜಿನ ಮೇಲಿತ್ತು.

ದುರ್ಗಯ್ಯ ನಿಂತ. ಶ್ರೀರಂಗಯ್ಯನ ಬಾಯಿ ಅವನಿಗೆ ಗೊತ್ತಿತ್ತು. ಮುಖ ಈಗ ಕಂಡ. ವಯಸ್ಸಾದ ಮುಖ. ಕೆನ್ನೆ ಒಳಕ್ಕೆ ಸೇದಿಕೊಂಡಿತ್ತು, ಅವ್ವನದರ ಹಾಗೆಯೇ. ಅವನ ಕಣ್ಣಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಈ ಮನುಷ್ಯನಿಗೂ ಸುಳ್ಳೇ ಬೇಕಾಗಿದೆ ಎಂದು ದುರ್ಗಯ್ಯನಿಗೆ ಆಗ ತಿಳಿಯಿತು. ಹಲ್ಲು ಅವನಿಗೆ ಬೇಕು. ಹಾಕಿಕೊಳ್ಳಲು ಒಂದು ಮಾತಿನ ನೆವ ಬೇಕು. ಆ ಮಾತು ದುರ್ಗಯ್ಯನ ಬಾಯಿಂದಲೇ ಬರಬೇಕು.

ಕೇಳುವ ಕೆಲಸವನ್ನು ಸಣ್ಣತಿಮ್ಮಯ್ಯ ಮಾಡಿದ.

"ಲೇ, ಇಲ್ಲಿ ನಿನ್ನ ಕೆಲ್ಸ ಏನ್ಲಾ? ಕಸ ಹೊಡ್ಯಾದು ತಾನೆ?"

ಡಾಕ್ಟರು ಹೇಳಯ್ಯ ಎಂದರು.

"ನಿಮ್ಮವ್ವಂಗೆ ತಲೆ ಕೆಟ್ಟದೆ ಅಂತ ಹೇಳು, ಮುಗೀತು" ಅಂದ ಸಣ್ಣತಿಮ್ಮಯ್ಯ. "ನಾಳೆಯಿಂದ ಕೂಲಿಗೂ ಬರ್ಲಿ ಬುಡು."

ಆ ಮಾತು ಅವನು ಆಡದಿದ್ದರೆ ಏನಾಗುತ್ತಿತ್ತೋ. ದುರ್ಗಯ್ಯ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡ. ಆಮೇಲೆ ಬಿಟ್ಟ. ಎರಡೂ ಕೈಯನ್ನು ಶ್ರೀರಂಗಯ್ಯನ ಮುಖದ ಎದುರಿಗೆ ಚಾಚಿದ.

"ನಮ್ಮವ್ವಂಗೆ ತಲೆ ಕೆಟ್ಟಿಲ್ಲ. ಆ ಹಲ್ಲು ನಾನೇ ಮಾಡಿದ್ದು."

ಡಾಕ್ಟರು ದುರ್ಗಯ್ಯ ಎಂದರು. ಅವನು ನಿಲ್ಲಿಸಲಿಲ್ಲ. ಶ್ರೀರಂಗಯ್ಯನನ್ನು ಹೆಸರು ಹಿಡಿದು ಕರೆದ. ಅವನ ಕೇರಿಯವರು ಯಾರೂ ಆ ಮನುಷ್ಯನನ್ನು ಹಾಗೆ ಕರೆದವರಲ್ಲ.

"ನೋಡಿ ಶ್ರೀರಂಗಯ್ಯನೋರೆ, ನಿಮ್ಮ ಅಂಗುಳಿನ ಅಚ್ಚು ಈ ಕೈಯಾಗೆ ಹುಯ್ದೀನಿ. ಈ ಹೆಬ್ಬೆಟ್ಟಲ್ಲಿ ತಿಕ್ಕೀನಿ. ನಮ್ಮವ್ವಂದು, ನಿಮ್ದು, ಎರಡೂ ಒಂದೇ ಡಬ್ಬಿ ಪುಡಿ, ಒಂದೇ ಪಾತ್ರೆ ನೀರು. ಇಷ್ಟು ದಿನ ಉಂಡಿದ್ದು ಇದ್ರಲ್ಲೇ. ಬೇಕಾದ್ರೆ ಹಾಕ್ಕಳಿ, ಬ್ಯಾಡಾದ್ರೆ ಬಿಸಾಕಿ. ಮಾಡಿದ್ದು ಮಾತ್ರ ನಾನು."

ಸಣ್ಣತಿಮ್ಮಯ್ಯ ಕಪಾಳಕ್ಕೆ ಹೊಡೆದ. ದುರ್ಗಯ್ಯನ ತುಟಿ ಒಡೆಯಿತು. ಅವನು ಕೈ ಎತ್ತಲಿಲ್ಲ, ಹಿಂದೆಯೂ ಸರಿಯಲಿಲ್ಲ. ಎರಡನೇ ಏಟಿಗೆ ಕೈ ಎತ್ತಿದಾಗ ಬೆಂಚಿನ ಮೇಲಿದ್ದ ಗಿರಾಕಿಯೊಬ್ಬ, ಡಾಕ್ಟ್ರ ಶಾಪಲ್ಲಿ ಹೊಡೀಬ್ಯಾಡ್ರಿ ಎಂದ. ನ್ಯಾಯ ಹೇಳಿದ್ದಲ್ಲ ಅದು. ಶಾಪಿನ ಮರ್ಯಾದೆಯ ಮಾತು. ಆದರೂ ಕೈ ಕೆಳಗಿಳಿಯಿತು.

ಶ್ರೀರಂಗಯ್ಯ ಈ ತನಕ ಒಂದು ಮಾತೂ ಆಡಿರಲಿಲ್ಲ. ಈಗಲೂ ಆಡಲಿಲ್ಲ. ಹಲ್ಲಿಲ್ಲದ ಬಾಯಿ ಊರಿಗೆ ಕಾಣಬಾರದಲ್ಲ.

ಹೋಗು ಎಂದರು ಡಾಕ್ಟರು. ಕೂಗಲಿಲ್ಲ. ದುಡಿದ ದಿನಗಳ ಸಂಬಳ ಕೊಡಿ ಎಂದ ದುರ್ಗಯ್ಯ. ಮಾಡಿದ್ದು ನೀನಾದರೆ ಆದ ನಷ್ಟವೂ ನಿನ್ನದೇ ಎಂದರು ಅವರು. ಕಲಿಸಿದ ಋಣ, ಅವ್ವನ ಹಲ್ಲು, ಎಲ್ಲವನ್ನೂ ಎತ್ತಿದರು. ದುರ್ಗಯ್ಯ ಕೇಳಿಸಿಕೊಂಡ. ಆಮೇಲೆ ಅಂಗಿಯ ತೋಳಿನಿಂದ ತುಟಿಯ ರಕ್ತ ಒರೆಸಿಕೊಂಡು ರಸ್ತೆಯ ಕಡೆ ಹೊರಟ.

ಅಷ್ಟರಲ್ಲಿ ಹಿಂದಿನ ರೂಮಿನಿಂದ ಕಮಟು ವಾಸನೆ ಬಂತು. ಒಲೆಯ ಮೇಲಿನ ನೀರು ಬತ್ತುತ್ತಿತ್ತು. ಡಾಕ್ಟರಿಗೆ ಥಟ್ಟನೆ ನೆನಪಾಯಿತು. ಒಳಗೆ ಪೆಟ್ಟಿಗೆ ಕುದೀತಾ ಇದೆಯಲ್ಲೋ, ಅದನ್ನ ಇಳಿಸಿಕೊಟ್ಟು ಹೋಗು, ಯಾರದೋ ಹಲ್ಲು ಕಣಯ್ಯ ಎಂದರು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ದಿನಾ ಕಿಂಡಿಯಿಂದ ಕರೆಯುತ್ತಿದ್ದ ದನಿಯೇ ಅದು. ದುರ್ಗಯ್ಯನ ಕಾಲು ತಾನಾಗಿಯೇ ಅತ್ತ ಒಂದು ಹೆಜ್ಜೆ ಇಟ್ಟಿತು. ಇಷ್ಟು ವರ್ಷದಲ್ಲಿ ಅವನು ಒಂದು ಸೆಟ್ಟನ್ನೂ ಕೆಡಿಸಿದವನಲ್ಲ.

ನಿಂತ. ಬೆಂಚಿನ ಮೇಲಿದ್ದವರ ಕಡೆ ನೋಡಿದ. ಡಾಕ್ಟರ ಕಡೆ ನೋಡಿದ.

"ಅದು ಬೆಂಗಳೂರಲ್ಲಿ ಕುದೀತೈತೆ ಸಾರ್" ಅಂದ. "ಇಲ್ಲಿಂದ ನಾನು ಎಂಗೆ ಇಳಿಸ್ಲಿ?"

ಹೊರಟುಹೋದ.

ಇದಿಷ್ಟು ನನಗೆ ಗೊತ್ತಿರುವುದು. ಶ್ರೀರಂಗಯ್ಯ ಆ ಹಲ್ಲನ್ನು ಮತ್ತೆ ಹಾಕಿಕೊಂಡನೆಂದು ಕೆಲವರು, ಕೆರೆಗೆ ಎಸೆದನೆಂದು ಕೆಲವರು. ನಾನು ನೋಡಿಲ್ಲ. ದುರ್ಗಯ್ಯ ಅವ್ವನನ್ನು ಕಂದಿಕೆರೆಯಲ್ಲಿ ಬಿಟ್ಟು ಬೆಂಗಳೂರಿನ ರೈಲು ಹತ್ತಿದ್ದು ನಿಜ. ಟಿಕೆಟ್ ತೆಗೆಸಿಕೊಟ್ಟವನು ವಹಾಬ್. ಅಲ್ಲಿ ಒಬ್ಬರ ಹತ್ತಿರ ಕೆಲಸಕ್ಕೆ ನಿಂತ ಅಂತಲೂ ಕೇಳಿದ್ದೇನೆ. ಎಷ್ಟು ಸಂಬಳಕ್ಕೆ ಒಪ್ಪಿಸಿದರು, ಕೈ ನೋಡಿ ಕೊಟ್ಟರೋ ಕೇರಿ ಕೇಳಿ ಕೊಟ್ಟರೋ, ಓಬಮ್ಮ ಮತ್ತು ಮಗು ಅವನ ಹತ್ತಿರ ಹೋಗಿ ಸೇರಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ವಿಚಾರಿಸಿದೆ. ತಿಳಿಯಲಿಲ್ಲ.